ಕದ್ದು ಕೇಳುವ ಮೇಷ್ಟರು

ಬೇರೆಯವರ ಕಾಗದ ಓದಬಾರದು ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಆದರೆ ಅದೇ ಕಾಗದಗಳನ್ನು ಒಟ್ಟುಮಾಡಿ, ಅಡಿಟಿಪ್ಪಣಿ ಅಂಟಿಸಿ, ರಟ್ಟು ಹಾಕಿ ಮಾರಿದರೆ ಅದಕ್ಕೆ ಸಂಶೋಧನೆ ಎಂದು ಹೆಸರು. ಬರೆದವರು ತೀರಿಕೊಂಡಿರಬೇಕು, ಒಂದಿಷ್ಟು ಹೆಸರು ಮಾಡಿರಬೇಕು, ಇಷ್ಟೇ ಷರತ್ತು. ಈ ಬಗೆಯ ಸಂಶೋಧನೆ ನನಗೆ ಬಹಳ ರುಚಿ. ಓದುತ್ತಾ ಓದುತ್ತಾ ಎಲ್ಲೋ ಒಂದು ಕಡೆ ಮನಸ್ಸು ಚುಚ್ಚುವುದೂ ಉಂಟು. ಸಂಗೀತ ರಚನೆಕಾರ ಯಾನಾಚೆಕ್ ಮೇಷ್ಟರ ಕಾಗದ ಓದುವಾಗ ಮಾತ್ರ ಆ ಕಾಟವಿಲ್ಲ. ಜೀವಮಾನವಿಡೀ ಕಂಡವರ ಮಾತನ್ನೆಲ್ಲ ಕದ್ದು ಕೇಳಿದ ಮನುಷ್ಯ, ನಾವು ಕದ್ದು ಓದಿದರೆ ಯಾವ ಮುಖದಿಂದ ಬೇಡ ಎಂದಾರು?

ಲಿಯೊಶ್ ಯಾನಾಚೆಕ್ ಹುಟ್ಟಿದ್ದು 1854ರಲ್ಲಿ, ಮೊರಾವಿಯದ ಹುಕ್ವಾಲ್ಡಿ ಎಂಬ ಹಳ್ಳಿಯಲ್ಲಿ. ಇಂದು ಅದು ಚೆಕ್ ದೇಶ. ತಂದೆ ಹಳ್ಳಿ ಶಾಲೆಯ ಮೇಷ್ಟರು. ತಿನ್ನುವ ಬಾಯಿಗಳು ಬಹಳ. ಹನ್ನೊಂದನೆಯ ವಯಸ್ಸಿಗೆ ಹುಡುಗನನ್ನು ಬ್ರನೊ ನಗರದ ಮಠಕ್ಕೆ, ಭಜನೆ ಹಾಡುವ ಹುಡುಗರ ಜೊತೆಗೆ ಸೇರಿಸಿದರು. ಆ ಮಠದಲ್ಲೇ ಒಬ್ಬ ಸನ್ಯಾಸಿ ಬಟಾಣಿ ಗಿಡ ಬೆಳೆಸಿ, ಕಾಳು ಎಣಿಸಿ ಲೆಕ್ಕ ಬರೆದಿಟ್ಟಿದ್ದರು. ಹೌದು, ಹೈಸ್ಕೂಲಿನಲ್ಲಿ ನಮ್ಮನ್ನು ಗೋಳು ಹೊಯ್ದುಕೊಂಡ ಅದೇ ಗ್ರೆಗರ್ ಮೆಂಡೆಲ್! 1884ರಲ್ಲಿ ಮೆಂಡೆಲ್ ತೀರಿಕೊಂಡಾಗ ಅಂತ್ಯಕ್ರಿಯೆಯ ಸಂಗೀತ ನಡೆಸಿಕೊಟ್ಟವರು ಯಾನಾಚೆಕ್. ಆ ಮಠದ ನೀರಿನಲ್ಲೇ ಏನೋ ಇತ್ತು ಅನಿಸುತ್ತದೆ. ಎಲ್ಲರೂ ಬೇಯಿಸಿ ತಿಂದು ಮರೆಯುವ ಕಾಳನ್ನು ಒಬ್ಬರು ಎಣಿಸಿದರು. ಎಲ್ಲರೂ ಆಡಿ ಮರೆಯುವ ಮಾತನ್ನು ಇನ್ನೊಬ್ಬರು ಸ್ವರ ಹಾಕಿ ಬರೆದರು.

ಮಾತಿಗೆ ಸ್ವರ ಹಾಕುವುದೇ ಮೇಷ್ಟರ ಹುಚ್ಚು. ಸಂತೆಯಲ್ಲಿ ಚೌಕಾಸಿ, ರೈಲು ನಿಲ್ದಾಣದಲ್ಲಿ ಜಗಳ, ಬೀದಿಯಲ್ಲಿ ಮಕ್ಕಳ ಕೂಗು ಕೇಳಿದರೆ ಸಾಕು, ಜೇಬಿನಿಂದ ಪುಟ್ಟ ಪುಸ್ತಕ ಹೊರಬಂದು ಆ ಮಾತಿನ ಏರಿಳಿತ ಅದರಲ್ಲಿ ಇಳಿಯುತ್ತಿತ್ತು. ಕೋಳಿ, ನಾಯಿಗಳನ್ನೂ ಬಿಟ್ಟವರಲ್ಲ. ಮಾತಿಗೆ ರಾಗವಿದೆ ಎಂದು ನಮಗೆ ಯಾರೂ ಕಲಿಸಬೇಕಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಧಾರವಾಡದವರೋ ಮಂಗಳೂರಿನವರೋ ಎಂದು ಪದ ತಿಳಿಯುವ ಮೊದಲೇ ಧಾಟಿ ಹೇಳಿಬಿಡುತ್ತದೆ. ಮೇಷ್ಟರು ಒಂದು ಹೆಜ್ಜೆ ಮುಂದೆ ಹೋದರು. ಪದ ಸುಳ್ಳು ಹೇಳಬಹುದು, ಧಾಟಿ ಹೇಳಲಾರದು ಎಂಬುದು ಅವರ ನಂಬಿಕೆ. 1903ರಲ್ಲಿ ಇಪ್ಪತ್ತು ವರ್ಷದ ಮಗಳು ಓಲ್ಗಾ ಸಾಯುತ್ತಿದ್ದಾಗ ಅವಳ ಕೊನೆಯ ಮಾತುಗಳಿಗೂ ಸ್ವರ ಬರೆದರು. ಎಂಥ ಕಲ್ಲೆದೆ ಎನ್ನುವವರಿದ್ದಾರೆ. ಧ್ವನಿ ಹಿಡಿದಿಡಲು ಆ ತಂದೆಗೆ ಗೊತ್ತಿದ್ದ ದಾರಿ ಅದೊಂದೇ ಎಂದು ನನ್ನ ಎಣಿಕೆ.

ಆ ಮಗಳ ನೆನಪಿಗೇ ಅರ್ಪಿಸಿದ ಒಪೆರಾ 'ಯೆನೂಫಾ'. 1904ರಲ್ಲಿ ಬ್ರನೊದಲ್ಲಿ ರಂಗಕ್ಕೆ ಬಂತು. ರಾಜಧಾನಿ ಪ್ರಾಗ್‌ಗೆ ಹೋಗಲು ಹನ್ನೆರಡು ವರ್ಷ ಹಿಡಿಯಿತು. ಕಾರಣ? ಪ್ರಾಗ್ ರಂಗಮಂದಿರದ ಮುಖ್ಯಸ್ಥ ಕೊವಾರ್ಜೊವಿತ್ಸ್ ಹಿಂದೆ ಬರೆದ ಒಪೆರಾವೊಂದನ್ನು ಮೇಷ್ಟರು 1887ರಷ್ಟು ಹಿಂದೆಯೇ ವಿಮರ್ಶೆಯಲ್ಲಿ ಜಾಡಿಸಿದ್ದರು. ಸಂಗೀತಗಾರರ ಕಿವಿಯಷ್ಟೇ ಅಲ್ಲ, ಜ್ಞಾಪಕಶಕ್ತಿಯೂ ಚುರುಕು! ಅಷ್ಟು ವರ್ಷವೂ ಮೇಷ್ಟರು ತಾವೇ ಕಟ್ಟಿದ ಬ್ರನೊದ ಆರ್ಗನ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕೀರ್ತಿ ಬಂದಾಗ ವಯಸ್ಸು ಅರವತ್ತು ದಾಟಿತ್ತು. ಪ್ರೊಫೆಸರ್ ಪಟ್ಟ ಬಂದದ್ದು ಅದಕ್ಕೂ ಆಮೇಲೆ.

ಕೀರ್ತಿಯ ಬೆನ್ನಿಗೇ ಪ್ರೇಮವೂ ಬಂತು. 1917ರ ಬೇಸಿಗೆಯಲ್ಲಿ ಲುಹಾಚೊವಿತ್ಸೆಯ ಆರೋಗ್ಯಧಾಮದಲ್ಲಿ ಕಮಿಲಾ ಸ್ಟೊಸ್ಲೊವಾ ಪರಿಚಯವಾದರು. ಮೇಷ್ಟರಿಗೆ 63, ಆಕೆಗೆ 25. ಆಕೆಗೆ ಹಳೆಯ ವಸ್ತುಗಳ ವ್ಯಾಪಾರಿ ಗಂಡ, ಇಬ್ಬರು ಗಂಡುಮಕ್ಕಳು. ಮಹಾಯುದ್ಧದ ಆ ಅಭಾವದ ದಿನಗಳಲ್ಲಿ ಆ ಗಂಡನೇ ಮೇಷ್ಟರ ಮನೆಗೆ ದಿನಸಿ ಒದಗಿಸಿಕೊಟ್ಟದ್ದರಿಂದ ಮೊದಮೊದಲು ಎರಡು ಸಂಸಾರಗಳಿಗೂ ಚೆನ್ನಾಗಿಯೇ ಇತ್ತು. ಮುಂದಿನ ಹನ್ನೊಂದು ವರ್ಷಗಳಲ್ಲಿ ಮೇಷ್ಟರು ಆಕೆಗೆ ಬರೆದದ್ದು ಏಳುನೂರಕ್ಕೂ ಹೆಚ್ಚು ಕಾಗದ. ಕೊನೆಯ ವರ್ಷದಲ್ಲಂತೂ ಹೆಚ್ಚುಕಡಿಮೆ ದಿನಕ್ಕೊಂದು. ಆಕೆಗೆ ಸಂಗೀತದಲ್ಲಿ ಆಸಕ್ತಿ ಅಷ್ಟಕ್ಕಷ್ಟೆ. ಉತ್ತರ ಬರುತ್ತಿದ್ದುದೂ ನಿಧಾನ. ಬಂದ ಉತ್ತರಗಳನ್ನೂ ಆಕೆಯ ಮಾತಿನಂತೆ ಮೇಷ್ಟರು ಬಹುಪಾಲು ಸುಟ್ಟುಬಿಟ್ಟರು. ಹಾಗಾಗಿ ನಮಗೆ ಸಿಕ್ಕಿರುವುದು ಪಕ್ಕದವರು ಫೋನಿನಲ್ಲಿ ಮಾತಾಡುವಾಗ ಕೇಳಿಸುವಂಥ ಒಂದೇ ಕಡೆಯ ಸಂಭಾಷಣೆ.

ಧಾಟಿಯೇ ಸತ್ಯ ಎಂದು ನಂಬಿದವರು ಕೊನೆಗೆ ಧಾಟಿಯೇ ಇಲ್ಲದ ಶಾಯಿಯ ಅಕ್ಷರಗಳಿಗೆ ಕಾಯುತ್ತ ಕೂತರಲ್ಲ! ಉತ್ತರ ಬಾರದಿದ್ದಾಗ ಆಕೆಯ ದನಿಯನ್ನೂ ತಾವೇ ಕಟ್ಟಿಕೊಂಡರು. 1928ರ ಜನವರಿ ಕೊನೆಯಲ್ಲಿ ಶುರುಮಾಡಿ ಮೂರೇ ವಾರಗಳಲ್ಲಿ ಮುಗಿಸಿದ ಎರಡನೆಯ ತಂತಿವಾದ್ಯ ಚತುಷ್ಟಯಕ್ಕೆ ಮೊದಲು 'ಪ್ರೇಮಪತ್ರಗಳು' ಎಂದು ಹೆಸರಿಟ್ಟು, ಮೂರ್ಖರ ಬಾಯಿಗೆ ಬೀಳುವುದು ಬೇಡವೆಂದು 'ಆಪ್ತ ಪತ್ರಗಳು' ಎಂದು ಬದಲಿಸಿದರು. ಆ ಆಗಸ್ಟ್‌ನಲ್ಲಿ ತೀರಿಕೊಂಡರು. ಕೃತಿ ಸಾರ್ವಜನಿಕರೆದುರು ನುಡಿದದ್ದು ಸೆಪ್ಟೆಂಬರ್‌ನಲ್ಲಿ.

ಈಗ ಮನೆಯೊಳಗಿನ ಸುದ್ದಿ. ಹೆಂಡತಿ ಜ್ದೆಂಕಾ ಒಂದು ಕಾಲಕ್ಕೆ ಅವರ ಪಿಯಾನೊ ಶಿಷ್ಯೆ. ಮದುವೆಯಾದಾಗ ಹದಿನಾರು ತುಂಬಿರಲಿಲ್ಲ. ಎರಡು ಮಕ್ಕಳನ್ನು ಕಳೆದುಕೊಂಡಾಕೆ. 1917ರ ಆರಂಭದಲ್ಲೇ ಗಂಡಹೆಂಡಿರು ಬೇರೆಯಾಗುವ ಕರಾರು ಮಾಡಿಕೊಂಡು, ಒಂದೇ ಮನೆಯಲ್ಲಿ ಉಳಿದಿದ್ದರು. ಮನೆಗೆಲಸದ ಮಾರಿಯೆ ಸ್ತೆಯ್ಸ್ಕಲೊವಾ ಒಂದು ದಿನ ಅಡುಗೆಮನೆಯಲ್ಲಿ ಪತ್ರಿಕೆಯ ನರಿಮರಿಯ ಚಿತ್ರಕಥೆ ನೋಡಿ ನಗುತ್ತಿದ್ದಾಗ ಮೇಷ್ಟರು ಒಳಬಂದು ಏಕೆಂದು ವಿಚಾರಿಸಿದರಂತೆ; ಆಕೆ ಹೇಳಿಕೊಂಡಂತೆ 'ಕಿಲಾಡಿ ನರಿಮರಿ' ಒಪೆರಾ ಹುಟ್ಟಿದ್ದು ಹಾಗೆ. ಕೆಲಸದಾಕೆಯ ನಗು ಕೇಳಿಸಿದ ಕಿವಿಗೆ ಊಟದ ಮೇಜಿನ ಆಚೆ ಕೂತ ಹೆಂಡತಿಯ ಧಾಟಿ ಕೇಳಿಸಲಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಕೇಳಿಸಿತ್ತು, ಬೇಕಾಗಿರಲಿಲ್ಲ, ಅಷ್ಟೆ.

ಆದರೆ ಆ ಮನೆಯಲ್ಲಿ ಕಿವಿಯಿದ್ದದ್ದು ಮೇಷ್ಟರೊಬ್ಬರಿಗೇ ಅಲ್ಲ. ಅವರು ಹೋದ ಮೇಲೆ ಹೆಂಡತಿ ತನ್ನ ಬಾಳಿನ ಕಥೆ ಹೇಳಿ ಬರೆಸಿದರು, ಕೆಲಸದಾಕೆಯೂ ಹೇಳಿ ಬರೆಸಿದರು. ಇಬ್ಬರದನ್ನೂ ಬರೆದುಕೊಂಡಾಕೆ ಒಬ್ಬರೇ, ಮಾರಿಯೆ ತ್ರ್ಕಾನೊವಾ. ಎರಡೂ ಅಚ್ಚಾಗಿವೆ. ಆದ್ದರಿಂದ ಮೇಷ್ಟರ ಪ್ರೇಮಪತ್ರ ಓದಿ ಕಣ್ಣೊರೆಸಿಕೊಳ್ಳುವವರಿಗೆ ನಾನು ಹೇಳುವುದಿಷ್ಟೆ: ಜ್ದೆಂಕಾ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕದ್ದು ಕೇಳುವುದೇ ಆದರೆ ಎರಡೂ ಕಡೆ ಕೇಳುವುದು ನ್ಯಾಯ.