ಎಲಿಜಬೆತ್ ರಾಣಿಯ ಕಾಲದ ಪ್ರಭುವಿನೋದಗಳು

1558ರಿಂದ 1603ರವರೆಗೆ ಇಂಗ್ಲೆಂಡನ್ನಾಳಿದ ಎಲಿಜಬೆತ್ ರಾಣಿಯ ಕಾಲವೆಂದೊಡನೆ ಶೇಕ್ಸ್‌ಪಿಯರನ ನಾಟಕಗಳೂ ಸ್ಪೇನಿನ ನೌಕಾಪಡೆಯ ಭಂಗವೂ ವಾಚಕರ ನೆನಪಿಗೆ ಬರುವುವು. ಆ ಕಾಲದ ಪ್ರಭುವರ್ಗದವರ ಆಟಪಾಟಗಳ ವಿಚಾರವು ಅಷ್ಟು ಪರಿಚಿತವಲ್ಲ. ಅಲ್ಲಿ ಯಾರು ಯಾವ ಆಟವನ್ನಾಡಬಹುದೆಂಬುದನ್ನು ಶಾಸನವೇ ಗೊತ್ತುಮಾಡಿತ್ತು. ರಾಣಿಯ ತಂದೆಯು 1541ರಲ್ಲಿ ವಿಧಿಸಿದ ಕಟ್ಟಳೆಯಂತೆ ಕೂಲಿಗಾರರೂ ಕುಶಲಕರ್ಮಿಗಳೂ ಸೇವಕರೂ ಕ್ರಿಸ್‌ಮಸ್ ಹಬ್ಬದ ಹೊರತು ಟೆನಿಸ್, ಗುಂಡು ಉರುಳಿಸುವ ಬೌಲ್ಸ್, ಇಸ್ಪೀಟು, ಪಗಡೆಗಳನ್ನು ಮುಟ್ಟಕೂಡದು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಭೂಮಿಯುಳ್ಳವನಾದರೋ ಅನುಮತಿ ಪಡೆದು ತನ್ನ ತೋಟದೊಳಗೆ ನಿಶ್ಚಿಂತೆಯಿಂದ ಗುಂಡು ಉರುಳಿಸಬಹುದಾಗಿತ್ತು!

ಪ್ರಭುಗಳಿಗೆ ಅತ್ಯಂತ ಪ್ರಿಯವಾದುದು ಬೇಟೆ. ಮನುವು ಕಾಮಜ ವ್ಯಸನಗಳಲ್ಲಿ ಮೊದಲಿಗೆಣಿಸಿದ ಮೃಗಯೆಯನ್ನು ಅವರು ಕುಲೀನತೆಯ ಲಕ್ಷಣವೆಂದೇ ಭಾವಿಸಿದ್ದರು. 1591ರಲ್ಲಿ ಕೌಡ್ರೆ ಎಂಬಲ್ಲಿ ರಾಣಿಯು ಮರೆಯೊಂದರಲ್ಲಿ ನಿಂತು, ಗಾಯನವನ್ನು ಕೇಳುತ್ತ, ತನ್ನೆದುರಿಗೆ ಅಟ್ಟಿತಂದ ಮೂರು ನಾಲ್ಕು ಜಿಂಕೆಗಳನ್ನು ಅಡ್ಡಬಿಲ್ಲಿನಿಂದ ಹೊಡೆದಳಂತೆ. ಇದನ್ನು ಬೇಟೆಯೆನ್ನುವುದು ಕೊಂಚ ಕಷ್ಟವೇ. ಡೇಗೆಯ ಬೇಟೆಗಾದರೋ ನಿಜವಾದ ತಾಳ್ಮೆ ಬೇಕಾಗಿತ್ತು. ಹಿಡಿತಂದ ಹಕ್ಕಿಯ ತಲೆಗೆ ಕುಲಾವಿ, ಕಾಲಿಗೆ ತೊಗಲಿನ ಪಟ್ಟಿ ಮತ್ತು ಗೆಜ್ಜೆ. ಸಾಕುವವನು ಅದನ್ನು ಕೈಮೇಲೆ ಕೂರಿಸಿಕೊಂಡು, ತಾನೂ ನಿದ್ರಿಸದೆ ಅದಕ್ಕೂ ನಿದ್ರೆಗೊಡದೆ, ರಾತ್ರಿಗಳನ್ನು ಕಳೆದು ಪಳಗಿಸುತ್ತಿದ್ದನು. ಇಷ್ಟಾದರೂ ಹಾರಿದ ಡೇಗೆ ಹಿಂದಿರುಗುವುದೆಂಬ ನಚ್ಚಿಗೆ ಇರಲಿಲ್ಲ.

ಕರಡಿಯನ್ನು ಕಂಬಕ್ಕೆ ಬಿಗಿದು ನಾಯಿಗಳನ್ನು ಛೂ ಬಿಡುವ ನೋಟದಲ್ಲಿ ಮಾತ್ರ ಮೇಲುಕೀಳೆಂಬ ಭೇದವಿರಲಿಲ್ಲ. ಲಂಡನ್ನಿನ ಹೊಳೆಯಾಚೆ ಸಾಮಾನ್ಯರು ಕಾಸು ಕೊಟ್ಟು ನೋಡುತ್ತಿದ್ದುದನ್ನೇ 1575ರಲ್ಲಿ ಲೆಸ್ಟರ್ ಪ್ರಭುವು ಕೆನಿಲ್‌ವರ್ತ್ ಕೋಟೆಯಲ್ಲಿ ರಾಣಿಗಾಗಿ 13 ಕರಡಿಗಳಿಂದ ಏರ್ಪಡಿಸಿದನು. ಸೊಗಸಾಗಿ ನರ್ತಿಸಬಲ್ಲ, ಗ್ರೀಕ್ ಭಾಷೆಯನ್ನು ಬಲ್ಲ ಆ ಅರಸಿಗೆ ಇದರಿಂದ ಸಂತೋಷವಾಯಿತೆಂಬುದು ವಿಷಾದಕರ.

ಟೆನಿಸ್ಸನ್ನು ಆಗ ನಾಲ್ಕು ಗೋಡೆಗಳ ನಡುವೆ, ಕೂದಲು ತುಂಬಿದ ಚೆಂಡಿನಿಂದ ಆಡುತ್ತಿದ್ದರು. 1579ರಲ್ಲಿ ಫಿಲಿಪ್ ಸಿಡ್ನಿಯೆಂಬ ತರುಣ ಕವಿಯು ಅರಮನೆಯ ಅಂಗಳದಲ್ಲಿ ಆಡುತ್ತಿದ್ದಾಗ ಆಕ್ಸ್‌ಫರ್ಡಿನ ಅರ್ಲನು ಬಂದು, ಅಂಗಳವನ್ನು ಬಿಟ್ಟು ನಡೆಯೆಂದು ಗದರಿಸಿದನು. ಸಿಡ್ನಿ ಕದಲಲಿಲ್ಲ. ಅರ್ಲನು ಅವನನ್ನು ನಾಯಿಮರಿಯೆಂದು ಜರೆದನು. ಫ್ರಾನ್ಸಿನ ರಾಯಭಾರಿಗಳು ಮೇಲಿನ ಮೊಗಸಾಲೆಯಿಂದ ನೋಡುತ್ತಿದ್ದರು. ನಾಯಿಮರಿಗಳನ್ನು ಹಡೆಯುವುದು ನಾಯಿ, ಮನುಷ್ಯರಿಗೆ ಹುಟ್ಟುವವರು ಮನುಷ್ಯರು, ಎಂಬ ಅರ್ಥದ ಮಾತನ್ನಾಡಿ ಸಿಡ್ನಿ ಹೊರನಡೆದನು. ವಿಷಯವು ದ್ವಂದ್ವಯುದ್ಧದವರೆಗೆ ಬೆಳೆಯಲು ರಾಣಿಯು ಅವನನ್ನು ಕರೆಯಿಸಿ, ಅರ್ಲನಿಗೂ ಸಾಮಾನ್ಯ ಕುಲೀನನಿಗೂ ಇರುವ ಅಂತರವನ್ನು ನೆನಪಿಸಿ, ಕಾಳಗವನ್ನು ತಡೆದಳು. ಪದವಿಯು ಅನ್ಯಾಯಕ್ಕೆ ಅಪ್ಪಣೆಚೀಟಿಯಲ್ಲವೆಂದು ಆತನು ವಿನಯದಿಂದಲೇ ಬಿನ್ನವಿಸಿಕೊಂಡನೆಂದು ಅವನ ಗೆಳೆಯ ಗ್ರೆವಿಲ್ ಬರೆದಿದ್ದಾನೆ. ಕ್ಷಮೆಯನ್ನಂತೂ ಅವನು ಕೇಳಲಿಲ್ಲ. ಮರುವರ್ಷ ಅರಮನೆಯಿಂದ ದೂರವಾಗಿ, ವಿಲ್ಟನ್ನಿನಲ್ಲಿ ತಂಗಿಯ ಮನೆಯಲ್ಲಿ ‘ಆರ್ಕೇಡಿಯ’ವನ್ನು ಬರೆಯುತ್ತಿದ್ದನು, 1581ರಲ್ಲಿ ಮತ್ತೆ ಕವಚ ತೊಟ್ಟು, ಈಟಿ ಹಿಡಿದು, ಅದೇ ರಾಣಿಯ ಮುಂದೆ ಕುದುರೆಯೇರಿ ಬಂದನು.