ಒಕ್ಕಣೆಯ ಕಸುಬು

ನಮ್ಮ ಆಲ್ದೂರಿನ ಕಡೆಯ ಕಾಫಿ ತೋಟಗಳಲ್ಲಿ ‘ರೈಟರು’ ಎಂದರೆ ಕಥೆ ಕಾದಂಬರಿ ಬರೆಯುವವರಲ್ಲ. ಬೆಳಗಾಗುತ್ತಲೇ ಆಳುಗಳ ಹಾಜರಿ ಹಿಡಿದು, ಸಂಜೆ ಕೊಯ್ದ ಹಣ್ಣನ್ನು ತೂಗಿಸಿ, ಯಾರದು ಎಷ್ಟು ಕಿಲೋ ಎಂದು ಚೆಕ್‌ರೋಲಿನಲ್ಲಿ ಬರೆದುಕೊಳ್ಳುವವರು ಅವರು. ಆದ್ದರಿಂದ ನಾನು ಬರೆದು ಸಂಪಾದಿಸುತ್ತಿದ್ದೇನೆಂಬ ಸುದ್ದಿ ಲೈನ್ ಮನೆಗಳಲ್ಲಿ ಹಬ್ಬಿದಾಗ, ಯಾವ ತೋಟಕ್ಕೆ ರೈಟರಾದದ್ದು ಎಂದು ಜನ ವಿಚಾರಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕೂಲಿಯ ಮನೆಯಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಅದೇನು ಸಾಮಾನ್ಯ ಪದವಿಯೇ? ಕೈಯಲ್ಲಿ ಪೆನ್ನು, ಕಾಲಲ್ಲಿ ಗಂಬೂಟು, ಇನ್ನೇನು ಬೇಕು!

ನನ್ನ ಕೆಲಸ ಬೇರೆ. ಅದಕ್ಕೆ ಕಾಪಿರೈಟಿಂಗ್ ಎಂದು ಹೆಸರು. ಯಾರ ನೌಕರಿಯಲ್ಲೂ ಇರದೆ ಮಾಡಿದರೆ ಫ್ರೀಲಾನ್ಸ್ ಎಂಬ ವಿಶೇಷಣವೂ ಸೇರಿಕೊಳ್ಳುತ್ತದೆ. ಆದರೆ ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತು ಮೊದಲೇ ಇದೆ: ಒಕ್ಕಣೆ. ತಾಲ್ಲೂಕು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುವವರ ವಂಶಕ್ಕೆ ನಾನೂ ಸೇರಿದ್ದೇನೆಂದು ಭಾವಿಸುತ್ತೇನೆ. ಕಾಫಿಪುಡಿಯ ಪೊಟ್ಟಣದ ಹಿಂಬದಿಯ ನಾಲ್ಕು ಸಾಲು, ಹೋಂಸ್ಟೇಯ ಪರಿಚಯ, ಜೇನು ಮೆಣಸು ಮಾರುವವರು ವಾಟ್ಸಾಪ್‌ನಲ್ಲಿ ಕಳಿಸುವ ಜಾಹೀರಾತು, ಇವು ನನ್ನ ಕೃತಿಗಳು. ಅವುಗಳ ಕೆಳಗೆ ನನ್ನ ಹೆಸರಿರುವುದಿಲ್ಲ.

ಈ ಕಸುಬು ನಮ್ಮ ಬೆಟ್ಟಗಳಿಗೆ ಬಂದುದಕ್ಕೆ ಒಂದು ಚರಿತ್ರೆಯಿದೆ. 1942ರ ಕಾಫಿ ಕಾಯಿದೆಯ ಕೆಳಗೆ ದಶಕಗಳ ಕಾಲ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಾಗಿತ್ತು. ಅಲ್ಲಿ ಒಬ್ಬರ ಬೀಜ ಇನ್ನೊಬ್ಬರ ಬೀಜದೊಡನೆ ಬೆರೆತು ದರ್ಜೆಯ ಹೆಸರು ಉಳಿಯುತ್ತಿತ್ತೇ ಹೊರತು ತೋಟದ ಹೆಸರು ಉಳಿಯುತ್ತಿರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಹಕ್ಕು ದೊರೆಯಿತು. ತನ್ನ ಕಾಫಿಯನ್ನು ತಾನೇ ಮಾರಬಹುದಾದವನಿಗೆ ಅದನ್ನು ಕುರಿತು ತಾನೇ ಮಾತನಾಡಬೇಕಾದ ಕಷ್ಟವೂ ಒದಗಿತು. ಎಕರೆಗೆ ಎಷ್ಟು ಮೂಟೆ ಎಂದು ಕೇಳಿದರೆ ಗಂಟೆಗಟ್ಟಲೆ ಮಾತನಾಡುವವರು, ನಿಮ್ಮ ಕಾಫಿಯ ವಿಶೇಷವೇನು ಎಂದರೆ ‘ಚೆನ್ನಾಗಿದೆ’ ಎಂದು ಸುಮ್ಮನಾಗುತ್ತಾರೆ. ಆ ‘ಚೆನ್ನಾಗಿದೆ’ಯ ಮುಂದಿನ ನಾಲ್ಕು ಸಾಲೇ ನನ್ನ ಅನ್ನ.

ಇದಕ್ಕೆ ಪ್ರತಿಭೆ ಬೇಕೆಂದು ನನ್ನ ಸ್ನೇಹಿತರು ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ಮೊದಲು ಬೇಕಾದದ್ದು ಪುಸ್ತಕ. ಇನ್ನೂರು ಪುಟದ, ಗೆರೆ ಹಾಕಿದ, ಗಟ್ಟಿ ರಟ್ಟಿನದು. ನಮ್ಮ ತಾಯಿಯ ಕೂಲಿ ಒಂದು ಪೈಸೆ ಕಡಮೆಯಾಗದೆ ಬರುತ್ತಿದ್ದುದು ಯಾರ ಔದಾರ್ಯದಿಂದಲೂ ಅಲ್ಲ; ಅಂದಂದಿನ ಕಿಲೋ ಅಂದಂದೇ ಬರವಣಿಗೆಗೆ ಬೀಳುತ್ತಿದ್ದುದರಿಂದ. ಆ ಚೆಕ್‌ರೋಲಿನ ಕ್ರಮವನ್ನೇ ನಾನು ತಂದುಕೊಂಡೆ. ಗಿರಾಕಿಗೊಂದು ಪುಟ. ಬಲಗಡೆ ಅವರು ಹೇಳಿದ ಮಾತು, ಅವರು ಹೇಳಿದಂತೆಯೇ: ಕಾಫಿ ಯಾವ ಮರದ ನೆರಳಲ್ಲಿದೆ, ಹಣ್ಣು ಒಂದೇ ಸಲ ಕೊಯ್ಯುತ್ತಾರೋ ಕೆಂಪಾದದ್ದನ್ನು ಮಾತ್ರ ಆರಿಸುತ್ತಾರೋ, ಕಣದಲ್ಲಿ ಎಷ್ಟು ದಿನ ಒಣಗುತ್ತದೆ, ಮನೆಯವರು ಕುಡಿಯುವುದೂ ಅದೇ ಪುಡಿಯೇ. (ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ಬಹಳ ಸ್ವಾರಸ್ಯವಾಗಿರುತ್ತದೆ.) ಎಡಗಡೆ ದಿನ, ಗಂಟೆ, ಬಸ್ ಚಾರ್ಜು, ಹಣ. ಅರ್ಧ ಮುಂಗಡ, ಇನ್ನರ್ಧ ಒಪ್ಪಿಸಿದ ದಿನ. ಎರಡು ಸಲದ ತಿದ್ದುಪಡಿ ಉಚಿತ, ಮೂರನೆಯದಕ್ಕೆ ದರ. ಈ ನಿಯಮ ಬಂದಂದಿನಿಂದ ಜನರಿಗೆ ನನ್ನ ಒಕ್ಕಣೆ ಮೊದಲ ಸಲವೇ ರುಚಿಸತೊಡಗಿದೆ.

‘ನಾಲ್ಕು ಸಾಲಿಗೆ ಎಂಟುನೂರು ರೂಪಾಯಿಯೇ? ಮಾತಿಗೂ ಕಾಸೇ?’ ಎಂದು ಒಬ್ಬ ಬೆಳೆಗಾರರು ಕೇಳಿದರು. ನಾನು ವಾದಿಸಲಿಲ್ಲ, ಪುಟ ತೆರೆದು ಮುಂದಿಟ್ಟೆ. ಎರಡು ಸಲ ತೋಟಕ್ಕೆ ಹೋಗಿ ಬಂದದ್ದು, ಐದು ಕರಡು, ಒಟ್ಟು ಹನ್ನೊಂದು ಗಂಟೆ. ಅವರು ಮನಸ್ಸಿನಲ್ಲೇ ಆಳಿನ ದಿನಗೂಲಿಗೆ ತಾಳೆ ನೋಡಿ, ಮರುಮಾತಿಲ್ಲದೆ ಕೊಟ್ಟರು. ಹಾಜರಿ ಪುಸ್ತಕದ ಭಾಷೆ ಅವರಿಗೆ ನನ್ನ ಕನ್ನಡಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಬರೆಯದಿರುವುದೂ ಈ ಕಸುಬಿನ ಒಂದು ಭಾಗ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕೆ ಕಡಮೆಯಿರಕೂಡದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಅಚ್ಚುಹಾಕಿಸಬೇಕು ಎಂಬುದು ಕಾನೂನು. ಅದನ್ನು ಆದಷ್ಟು ಸಣ್ಣ ಅಕ್ಷರದಲ್ಲಿ ಅಡಗಿಸುವ ಆಸೆ ಗಿರಾಕಿಗಳದು. ಇನ್ನೊಂದು ಆಸೆ ಬಾಬಾಬುಡನ್‌ಗಿರಿಯದು. ಬಾಬಾಬುಡನರು ಏಳು ಬೀಜ ತಂದ ಐತಿಹ್ಯ ಎಲ್ಲರಿಗೂ ಗೊತ್ತಿರುವುದರಿಂದ, ಎಲ್ಲಿ ಬೆಳೆದ ಕಾಫಿಗೂ ಆ ಹೆಸರು ಬೇಕು. ಆದರೆ 2019ರಲ್ಲಿ ‘ಚಿಕ್ಕಮಗಳೂರು ಅರೇಬಿಕಾ’, ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಎಂಬ ಎರಡು ಬೇರೆ ಬೇರೆ ಭೌಗೋಳಿಕ ಗುರುತುಗಳು ದಾಖಲಾದವು. ಗಿರಿಯ ಹೆಸರನ್ನು ಆಲ್ದೂರಿನ ಪೊಟ್ಟಣಕ್ಕೆ ಅಂಟಿಸಲು ನಾನು ಒಪ್ಪದಿದ್ದಾಗ ಒಂದು ಒಳ್ಳೆಯ ಗಿರಾಕಿ ಕೈತಪ್ಪಿತು. ಆ ತಿಂಗಳು ಮನೆಯಲ್ಲಿ ಅದು ಗೊತ್ತಾಗುವಷ್ಟೇ ಗೊತ್ತಾಯಿತು.

ಈಗ ಯಂತ್ರವೇ ಪುಕ್ಕಟೆಯಾಗಿ ಬರೆದುಕೊಡುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಅದರ ಒಕ್ಕಣೆ ನೋಡಿದ್ದೇನೆ. ವ್ಯಾಕರಣ ನನಗಿಂತ ಶುದ್ಧ. ಮಂಜು, ಮಡಿಲು, ಪರಂಪರೆ ಎಲ್ಲವೂ ಅದರಲ್ಲಿರುತ್ತವೆ. ಮೂಡಿಗೆರೆಗೂ ಕಳಸಕ್ಕೂ ನಮ್ಮೂರಿಗೂ ಒಂದೇ ಅಂಗಿ ಹೊಂದುತ್ತದೆ. ಮತ್ತೆ ಪೂಲ್‌ಗೇ ಸೇರಿದಂತೆ! ಕಣದ ಅಂಚಿನಲ್ಲಿ ನಿಂತು ಕೇಳಿದ ಪ್ರಶ್ನೆಯ ಉತ್ತರ ನನ್ನ ಪುಸ್ತಕದಲ್ಲಿದೆ, ಅದಕ್ಕೆ ಸಿಕ್ಕಿಲ್ಲ. ಹೀಗೆ ಎಷ್ಟು ದಿನವೋ, ಹೇಳಲಾರೆ.

ಪದವಿಯ ನಂತರ ಏನು ಎಂಬ ಮಾತು ಬಂದಾಗ ಅಧ್ಯಾಪಕರೊಬ್ಬರು, ಮೂಡಿಗೆರೆಯಲ್ಲೇ ನೆಲೆಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆದರು. ನನಗೆ ಹೆಮ್ಮೆಯಾದದ್ದು ನಿಜ. ಆದರೆ ಅವರಿಗೆ ತೋಟವಿತ್ತು. ನಮಗಿರುವುದು ಲೈನ್ ಮನೆ, ಅದೂ ತಾಯಿ ಕೊಯ್ಲಿಗೆ ಹೋಗುವವರೆಗೆ. ಅವರ ಮಂಡಿ ನೋವು ಈ ವರ್ಷ ಹೆಚ್ಚಾಗಿದೆ. ಆಲ್ದೂರು ಪೇಟೆಯಲ್ಲಿ ಎರಡು ಕೋಣೆಯ ಮನೆಗೆ ಮೂರೂವರೆ ಸಾವಿರ ಬಾಡಿಗೆ ಕೇಳುತ್ತಾರೆ. ಪುಸ್ತಕದಲ್ಲಿ ಕಳೆದ ಡಿಸೆಂಬರಿಗೆ 9,400 ರೂಪಾಯಿ ಇದೆ, ಜುಲೈಗೆ 1,100. ಕೊಯ್ಲಿನ ಕಾಲದಲ್ಲಿ ಎಲ್ಲರಿಗೂ ಒಕ್ಕಣೆ ಬೇಕು. ಮಳೆ ಹಿಡಿದು ಕರೆಂಟು ಹೋದ ಮೇಲೆ ಯಾರೂ ಹೊಸ ಪೊಟ್ಟಣ ಅಚ್ಚುಹಾಕಿಸುವುದಿಲ್ಲ.

ಆದ್ದರಿಂದ ಈಗ ಮಳೆಗಾಲದ ಗಿರಾಕಿಗಳನ್ನು ಹುಡುಕುತ್ತಿದ್ದೇನೆ. ಜೂನ್‌ನಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಗಳು, ಕೊಡೆ ಕಂಬಳಿ ಮಾರುವ ಅಂಗಡಿಗಳು, ವಾರ್ಷಿಕ ವರದಿ ಬರೆಸಬೇಕಾದ ಸಹಕಾರ ಸಂಘಗಳು. ಒಂಬತ್ತು ಕಡೆ ಕೇಳಿದ್ದೇನೆ. ಇಬ್ಬರು ಮುಂಗಡ ಕೊಟ್ಟಿದ್ದಾರೆ, ಒಬ್ಬರು ಪರೀಕ್ಷೆ ಮುಗಿಸಿಕೊಂಡು ಬಾ ಎಂದಿದ್ದಾರೆ; ಉಳಿದ ಆರು ಪುಟಗಳ ಬಲಭಾಗ ಇನ್ನೂ ಖಾಲಿಯಿದೆ.