ವಿಮಾನದ ಮುಂಗಾಲು

ಹಕ್ಕಿಯು ಹಾರುವುದನ್ನು ಕಂಡು ಬೆರಗಾದವರು ಬಹುಮಂದಿ. ಅದು ಇಳಿಯುವುದನ್ನು ನಿಂತು ನೋಡಿದವರು ಕಡಮೆ. ಕೊಂಬೆಯ ಸಮೀಪಕ್ಕೆ ಬಂದೊಡನೆ ಅದು ಹೊಟ್ಟೆಗೆ ಸೇರಿಸಿಕೊಂಡಿದ್ದ ಕಾಲುಗಳನ್ನು ಮುಂದಕ್ಕೆ ಚಾಚುವುದು. ಮನುಷ್ಯನು ಕಟ್ಟಿದ ವಿಮಾನವೂ ಹಾಗೆಯೇ ಮಾಡುತ್ತದೆ. ಚಾಚಬೇಕಾದ ಹೊತ್ತಿಗೆ ಕಾಲು ಬಾರದೆ ಹೋದರೆ ಗತಿಯೇನು? ಇಂಥ ಸಂದರ್ಭವೊಂದು ನಮ್ಮ ಬೆಂಗಳೂರಿನಲ್ಲಿಯೇ ಒದಗಿತು.

೨೦೨೩ನೆಯ ಇಸವಿ ಜುಲೈ ೧೧ರಂದು ಪ್ರೀಮಿಯರ್ ಒನ್-ಎ ಎಂಬ ಜಾತಿಯ ಸಣ್ಣ ಜೆಟ್ ವಿಮಾನವೊಂದು ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹೊರಟಿತು. ಆಕಾಶದಲ್ಲಿ ಕೆಲವೇ ನಿಮಿಷಗಳ ದಾರಿ. ಒಳಗೆ ಇಬ್ಬರು ಚಾಲಕರಲ್ಲದೆ ಪ್ರಯಾಣಿಕರಾರೂ ಇರಲಿಲ್ಲ. ಮೇಲೇರಿದ ಬಳಿಕ ಮೂಗಿನ ಕೆಳಗಣ ಕಾಲು ತೊಂದರೆ ಕೊಟ್ಟುದರಿಂದ ಅವರು ದೇವನಹಳ್ಳಿಯ ಯೋಚನೆಯನ್ನು ಬಿಟ್ಟು ಹೊರಟಲ್ಲಿಗೇ ಹಿಂದಿರುಗಿದರು. ಮುಂಗಾಲು ಮಡಚಿದಂತೆಯೇ ಇರಲು, ಹಿಂದಣ ಎರಡು ಕಾಲುಗಳ ಮೇಲೆ ವಿಮಾನವನ್ನಿಳಿಸಿ, ಕಡೆಗೆ ಮೂಗನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದರು. ಇಬ್ಬರಿಗೂ ಏನೂ ಅಪಾಯವಾಗಲಿಲ್ಲ.

ಆ ಇಳಿತದ ವಿಡಿಯೋ ಊರೂರಿಗೆ ಹಬ್ಬಿತು. ನಮ್ಮ ಮುರುಗಮಲ್ಲದಲ್ಲಿ ದರ್ಗಾದ ಬೀದಿಯ ಅಂಗಡಿಯವರೊಬ್ಬರು ಕೊಳ್ಳಲು ಬಂದವರಿಗೆಲ್ಲ ಅದನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದುದು ನನಗೆ ನೆನಪಿದೆ. ಅಂದು ನೋಡಿ ಮರೆತಿದ್ದ ಆ ಚಿತ್ರವು ಈಚೆಗೆ ನಮ್ಮ ಮನೆಯಲ್ಲಿ ಪುನಃ ತಲೆಯೆತ್ತಿತು. ನನ್ನ ತಮ್ಮನ ಮಗಳು ಪಿ.ಯು.ಸಿ. ಮುಗಿಸಿ, ವಿಮಾನ ನಡೆಸುವುದನ್ನೇ ಕಲಿಯುವೆನೆಂದು ಹಟ ಹಿಡಿದಿದ್ದಾಳೆ. ಆಕೆಯ ತಾಯಿ ಎಲ್ಲಿಂದಲೋ ಆ ವಿಡಿಯೋವನ್ನು ಹುಡುಕಿ ತಂದು ನನ್ನ ಮುಂದೆ ಹಿಡಿದರು. “ಭಾವನವರೇ, ಕಾಲಿಲ್ಲದೆ ಇಳಿಯುವ ಗಾಡಿಯಲ್ಲಿ ಹೆಣ್ಣುಮಗಳನ್ನು ಕೂರಿಸುವುದುಂಟೇ? ನೀವು ಬೇಡವೆಂದರೆ ಅವಳು ಕೇಳುತ್ತಾಳೆ” ಎಂದರು.

ಮೂವತ್ತು ವರ್ಷಕಾಲ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು? ಆದರೂ ಹಿರಿಯನೆನಿಸಿಕೊಂಡವನು ತಿಳಿಯದೆ ಬೇಡವೆನ್ನುವುದೂ ಸಲ್ಲದು, ತಿಳಿಯದೆ ಆಗಲೆನ್ನುವುದೂ ಸಲ್ಲದು. ನನ್ನಲ್ಲಿ ಓದಿದ ಹುಡುಗನೊಬ್ಬನು ಈಗ ವಿಮಾನಗಳ ದುರಸ್ತಿಯ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಿದ್ದ ಅವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಎರಡು ಸಂಜೆ ಪಾಠ ಹೇಳಿಸಿಕೊಂಡೆನು.

ಕಾಲನ್ನು ಮಡಚುವುದಾದರೂ ಏತಕ್ಕೆಂದು ಮೊದಲು ಕೇಳಿದೆನು. ಹೊರಗೆ ಚಾಚಿದ ಕಾಲು ಗಾಳಿಗೆ ಅಡ್ಡವಾಗಿ ವೇಗವನ್ನು ಕುಗ್ಗಿಸುತ್ತದೆ, ಇಂಧನವನ್ನು ತಿನ್ನುತ್ತದೆ. ಆದುದರಿಂದ ವೇಗವಾಗಿ ಹೋಗತಕ್ಕ ವಿಮಾನಗಳಲ್ಲಿ ಅದನ್ನು ಒಳಕ್ಕೆ ಸೇರಿಸಿ ಬಾಗಿಲು ಹಾಕುತ್ತಾರೆ. ಸಾಮಾನ್ಯವಾಗಿ ಇದು ಎಣ್ಣೆಯ ಒತ್ತಡದಿಂದ ನಡೆಯುವ ಕೆಲಸ. ಒತ್ತಡಕ್ಕೆ ಸಿಕ್ಕಿದ ಎಣ್ಣೆಯು ಕೊಳವೆಗಳಲ್ಲಿ ನುಗ್ಗಿ ಕಾಲನ್ನು ಮೇಲಕ್ಕೆಳೆಯುವುದು. ಅಲ್ಲಿ ಒಂದು ಕೊಂಡಿಯು ಅದನ್ನು ಹಿಡಿದುಕೊಳ್ಳುವುದು. ಕೆಳಕ್ಕೆ ಬಂದ ಕಾಲು ಮತ್ತೆ ಮಡಚಿಕೊಳ್ಳದಂತೆ ಇನ್ನೊಂದು ಬೀಗವುಂಟು. ಈ ಎರಡನೆಯದೇ ಮುಖ್ಯ. ಕಾಲು ಚಾಚಿದ್ದರೂ ಬೀಗ ಬೀಳದಿದ್ದರೆ, ಭಾರ ಬಿದ್ದೊಡನೆ ಅದು ಕುಸಿಯಬಹುದು. ಕುಳಿತಲ್ಲಿಂದ ಚಾಲಕನಿಗೆ ಈ ಕಾಲುಗಳು ಸಾಮಾನ್ಯವಾಗಿ ಕಾಣವು. ಮೂರು ಕಾಲಿಗೆ ಮೂರು ಹಸುರು ದೀಪಗಳು ಎದುರಿಗಿರುತ್ತವೆ. ಮೂರೂ ಹೊತ್ತಿದರೆ ಮೂರು ಬೀಗಗಳೂ ಬಿದ್ದವೆಂದು ಅರ್ಥ.

ಕಾಳಿದಾಸನು ರಘುವಂಶದ ಹದಿಮೂರನೆಯ ಸರ್ಗದಲ್ಲಿ ರಾಮನನ್ನು ಪುಷ್ಪಕದಲ್ಲಿ ಕೂರಿಸಿ ಕೆಳಗಣ ಸಮುದ್ರವನ್ನು ವರ್ಣಿಸುತ್ತಾನಷ್ಟೆ. ಆ ವಿಮಾನವು ಏರಿದವನ ಮನಸ್ಸಿನಂತೆ ನಡೆಯುವುದು. ಅದಕ್ಕೆ ಎಣ್ಣೆಯ ಹಂಗಿಲ್ಲ, ಬೀಗದ ಹಂಗಿಲ್ಲ. ಈ ಮಾತನ್ನಾಡಿದಾಗ ಶಿಷ್ಯನು ನಕ್ಕು, “ನಮ್ಮ ವಿಮಾನ ಯಾರ ಮನಸ್ಸನ್ನೂ ಕೇಳುವುದಿಲ್ಲ ಮೇಷ್ಟ್ರೇ, ಅದಕ್ಕೇ ಒಂದು ತಪ್ಪಿದರೆ ಇನ್ನೊಂದು ದಾರಿ ಇಟ್ಟಿರುತ್ತೇವೆ” ಎಂದನು. ಒತ್ತಡವು ಸೋರಿಹೋದರೆ, ಕೊಂಡಿಯನ್ನು ಬಿಡಿಸಿದ ಮಾತ್ರಕ್ಕೆ ಕಾಲು ತನ್ನ ತೂಕದಿಂದಲೇ ಕೆಳಗಿಳಿಯುವ ಏರ್ಪಾಡು ಅನೇಕ ವಿಮಾನಗಳಲ್ಲುಂಟು; ಕೆಲವದರಲ್ಲಿ ಕೈಪಂಪು, ಕೆಲವದರಲ್ಲಿ ಒತ್ತಿ ತುಂಬಿಟ್ಟ ಅನಿಲ. ದೀಪದ ಮಾತು ನಂಬಿಕೆಗೆ ಬಾರದಿದ್ದರೆ ನಿಲ್ದಾಣದ ಮೇಲೆ ತಗ್ಗಾಗಿ ಹಾರಿ, ಕಾಲು ಬಂದಿದೆಯೇ ಎಂದು ಕೆಳಗಿನವರಿಂದ ನೋಡಿಸಿ ಕೇಳುವುದೂ ಉಂಟು. ಇಂಧನ ಸಾಕಷ್ಟಿದ್ದರೆ ಅವಸರವಿಲ್ಲ. ಅಷ್ಟರಲ್ಲಿ ಬೆಂಕಿಯಾರಿಸುವ ವಾಹನಗಳು ಸಿದ್ಧವಾಗುತ್ತವೆ.

ಏನು ಮಾಡಿದರೂ ಮುಂಗಾಲು ಬಾರದಿದ್ದರೆ? ನಿಂತ ವಿಮಾನದ ಭಾರದಲ್ಲಿ ಬಹುಪಾಲನ್ನು ಹೊರುವುವು ಹಿಂದಣ ಎರಡು ಕಾಲುಗಳೇ. ಅವುಗಳ ಮೇಲೆ ಇಳಿದು, ಬಾಲದ ಚುಕ್ಕಾಣಿಯಿಂದ ಮೂಗನ್ನು ಎತ್ತಿ ಹಿಡಿದಿರಬೇಕು. ವೇಗವಿರುವವರೆಗೆ ಗಾಳಿಯೇ ಮೂಗನ್ನು ಹೊರುತ್ತದೆ. ವೇಗ ತಗ್ಗಿದಂತೆ ಅದು ಮೆಲ್ಲನೆ ನೆಲಕ್ಕೆ ಬರುತ್ತದೆ. ಹೊಟ್ಟೆಯ ತಗಡು ಸವೆಯುವುದು, ಕಿಡಿ ಹಾರುವುದು, ದುರಸ್ತಿಗೆ ಹಣ ಸುರಿಯುವುದು. ಕುಳಿತವರು ನಡೆದು ಹೊರಬರುವ ಸಂಭವವೇ ಹೆಚ್ಚು. ಹಿಂದಣ ಕಾಲುಗಳಲ್ಲಿ ಒಂದು ಬಂದು ಇನ್ನೊಂದು ಬಾರದಿರುವುದು ಇದಕ್ಕಿಂತ ಕಷ್ಟ, ಏಕೆಂದರೆ ಆಗ ರೆಕ್ಕೆಯೊಂದು ನೆಲಕ್ಕೆ ತಾಗಿ ವಿಮಾನವು ಪಕ್ಕಕ್ಕೆ ತಿರುಗುವುದು.

ಎರಡನೆಯ ಸಂಜೆ ಅವನು ಹೇಳಿದ್ದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕಾಲು ಕೆಟ್ಟು ಹೊಟ್ಟೆಯ ಮೇಲೆ ಇಳಿದ ಸಣ್ಣ ವಿಮಾನಗಳಿರುವಂತೆಯೇ, ಕಾಲು ನೆಟ್ಟಗಿದ್ದೂ ಚಾಚುವುದನ್ನು ಮರೆತು ಇಳಿಸಿದವೂ ಇವೆಯಂತೆ! ಇದಕ್ಕಿಂತ ಘೋರವಾದುದು ೧೯೭೨ನೆಯ ಡಿಸೆಂಬರ್ ೨೯ರ ರಾತ್ರಿ ಅಮೆರಿಕದ ಮಯಾಮಿಯ ಬಳಿ ನಡೆಯಿತು. ಈಸ್ಟರ್ನ್ ಏರ್‌ಲೈನ್ಸಿನ ಆ ವಿಮಾನವು ದೊಡ್ಡದು. ೧೭೬ ಮಂದಿ ಅದರಲ್ಲಿದ್ದರು. ಇಳಿಯುವ ಹೊತ್ತಿಗೆ ಮುಂಗಾಲಿನ ಹಸುರು ದೀಪ ಹೊತ್ತಲಿಲ್ಲ. ಕಾಲು ಸರಿಯಾಗಿ ಚಾಚಿ ಬೀಗವೂ ಬಿದ್ದಿತ್ತು. ಕೆಟ್ಟುಹೋಗಿದ್ದುದು ದೀಪದ ಬಲ್ಬು. ಚಾಲಕರೆಲ್ಲರೂ ಆ ದೀಪದ ಚಿಂತೆಯಲ್ಲಿ ಮುಳುಗಿರಲು, ವಿಮಾನವು ಮೆಲ್ಲಮೆಲ್ಲನೆ ಎತ್ತರವನ್ನು ಕಳೆದುಕೊಂಡು ಜೌಗು ನೆಲಕ್ಕೆ ಬಡಿಯಿತು. ೧೦೧ ಮಂದಿ ಸತ್ತರು. ನನ್ನ ಬುದ್ಧಿಗೆ ತೋರುವಂತೆ, ಬೆಂಗಳೂರಿನ ಇಬ್ಬರನ್ನು ಮೆಚ್ಚಬೇಕಾದುದು ಇದಕ್ಕಾಗಿ: ಕಾಲಿನ ಚಿಂತೆಯ ನಡುವೆಯೂ ಅವರು ವಿಮಾನವನ್ನು ನಡೆಸುವುದನ್ನು ಬಿಡಲಿಲ್ಲ.

ಮರೆವಿಗೆ ಚಾಲಕರು ಕಂಡುಕೊಂಡಿರುವ ಮದ್ದು ನನಗೆ ಪರಿಚಿತವಾದುದೇ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಒಬ್ಬನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬನು ನೋಡಿ ಉತ್ತರ ಹೇಳುತ್ತಾನೆ. ಎಷ್ಟು ಸಾವಿರ ಸಲ ಹಾರಿದವನಾದರೂ ಓದದೆ ಬಿಡುವಂತಿಲ್ಲ. ಪಾಠಶಾಲೆಯಲ್ಲಿ ಗುರುಗಳು ಒಮ್ಮೆ ಹೇಳಿದುದನ್ನು ನಾವು ಎರಡು ಬಾರಿ ಹೇಳುತ್ತಿದ್ದ ಸಂಥೆಯ ಕ್ರಮವು ಕಿವಿಗೆ ಬಂದಂತಾಯಿತು. ಬಾಯಿಪಾಠವೆಂದರೆ ಮೂಗು ಮುರಿಯುವ ಈ ಕಾಲದ ಶಿಕ್ಷಣತಜ್ಞರನ್ನು ಒಮ್ಮೆ ಅಲ್ಲಿ ಕೂರಿಸಬೇಕು!

ಇನ್ನು ಕಲಿಯುವವರ ವಿಮಾನಗಳ ಮಾತು. ಅವುಗಳಲ್ಲಿ ಬಹಳವಾಗಿ ಕಾಲು ಮಡಚುವ ಸೌಕರ್ಯವೇ ಇಲ್ಲ. ೧೯೫೧ರಲ್ಲಿ ಮೊದಲು ಹಾರಿದ ಎಚ್.ಎ.ಎಲ್. ಕಾರ್ಖಾನೆಯ ಎಚ್.ಟಿ.-೨ ಆಗಲಿ, ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯು ರೂಪಿಸಿ ೧೯೯೩ರಲ್ಲಿ ಹಾರಿಸಿದ ಎರಡು ಆಸನಗಳ ಹಂಸವಾಗಲಿ ಕಾಲು ಚಾಚಿಕೊಂಡೇ ಹಾರುವಂಥವು. ಮಡಚುವ ಕಾಲಿನ ಜವಾಬ್ದಾರಿ ಆಮೇಲೆ ಬರುವುದು.

ಇಷ್ಟನ್ನೂ ನಾದಿನಿಗೆ ವಿವರಿಸಿದೆನು. ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಿಲ್ಲ. ನಿಜವಾಗಿ ನನ್ನ ಚಿಂತೆ ಚಕ್ರದ್ದಲ್ಲ, ಹಣದ್ದು: ಸಂಬಳಕ್ಕೆ ವಿಮಾನ ನಡೆಸುವ ಪರವಾನಗಿಗೆ ೨೦೦ ಗಂಟೆಗಳ ಹಾರಾಟ ಬೇಕು, ಗಂಟೆಗಂಟೆಗೂ ದುಡ್ಡು, ಹೊಲದ ಮೇಲೆ ಸಾಲವೆತ್ತದೆ ಆಗದ ಮಾತು. ತಮ್ಮನು ಅದಕ್ಕೆ ಒಪ್ಪಿಕೊಂಡಿದ್ದನು. ಆಕೆಗೆ ಸಾಲದ ಚಿಂತೆಯಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಕಾಲು ಬಾರದೆ ಮೇಲೆ ಸುತ್ತುತ್ತಿರುವಾಗ ಮನೆಯವರಿಗೆ ತಿಳಿಸುತ್ತಾರೆಯೇ?” ಎಂದು ಕೇಳಿದರು.

ಬಾಗಿಲ ಮರೆಯಲ್ಲಿ ಎರಡು ಸಂಜೆಯ ಪಾಠವನ್ನೂ ಕೇಳಿದ್ದ ಹುಡುಗಿಯೇ ಉತ್ತರ ಕೊಟ್ಟಳು: “ಇಲ್ಲಮ್ಮಾ. ಆಗ ಒಬ್ಬರು ದೀಪ ನೋಡಬೇಕು, ಒಬ್ಬರು ಎತ್ತರ ನೋಡಬೇಕು. ನಿನಗೆ ಇಳಿದ ಮೇಲೆ ನಾನೇ ಹೇಳುತ್ತೇನೆ.”

ತಾಯಿ ಎದ್ದು ಒಳಗೆ ಹೋದರು. ಮರುದಿನ ಅರ್ಜಿಯನ್ನು ಕಳುಹಿಸುವ ಮುನ್ನ ತೆರೆದು ನೋಡಿದೆನು. ತಂದೆಯ ರುಜುವಿನ ಕೆಳಗೆ, ಅರ್ಜಿಯವರು ಕೇಳದಿದ್ದರೂ, ಆಕೆಯ ರುಜುವೂ ಇತ್ತು.